ಕಿಣ್ವದ ಹದ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿಕೊಂಡು ಕಾಲ ಕಳೆದ ನನ್ನಂಥವನು ಬಾನುಲಿಯಲ್ಲಿ ಜೀವರಸಾಯನದ ವಿಷಯವಾಗಿ ಮಾತನಾಡುವುದು ಕೇಳುಗರಿಗೆ ಸೋಜಿಗವೆನಿಸಬಹುದು. ನನಗೂ ಸಂಕೋಚವಿಲ್ಲದಿಲ್ಲ. ಆದರೆ ಈ ವಿಷಯ ನನ್ನನ್ನು ಹುಡುಕಿಕೊಂಡು ಬಂದದ್ದು ಪುಸ್ತಕದಿಂದಲ್ಲ, ಅಡುಗೆಮನೆಯಿಂದ. ಅದೂ ಒಂದು ಎಳೆಗೂಸಿನ ಗಂಜಿಯ ಬಟ್ಟಲಿನಿಂದ.

ನನ್ನ ಮೊಮ್ಮಗನಿಗೆ ಆಗ ಎಂಟು ತಿಂಗಳು. ತೂಕ ಏರುತ್ತಿರಲಿಲ್ಲ. ವೈದ್ಯರು ಪರೀಕ್ಷಿಸಿ, ರೋಗವೇನೂ ಇಲ್ಲವೆಂದೂ ಎದೆಹಾಲಿನ ಜೊತೆಗೆ ಸಿಗಬೇಕಾದ ಆಹಾರ ಸಾಲದಾಗಿದೆಯೆಂದೂ ಹೇಳಿದರು. ಮಗಳು ರಾಗಿಯ ಗಂಜಿಯನ್ನು ಗಟ್ಟಿಯಾಗಿ ಮಾಡಿದರೆ ಮಗು ನುಂಗಲಾರದೆ ಉಗುಳುತ್ತಿತ್ತು. ತೆಳ್ಳಗೆ ಮಾಡಿದರೆ ಕುಡಿಯುತ್ತಿತ್ತು, ಆದರೆ ಕುಡಿದದ್ದು ಬಹುಪಾಲು ನೀರೇ. ಆ ವಯಸ್ಸಿನ ಕೂಸಿನ ಜಠರ ಕಾಲು ಲೀಟರಿನ ಆಸುಪಾಸು ಹಿಡಿದೀತು, ಅಷ್ಟೆ. ಅದನ್ನು ನೀರಿನಿಂದಲೇ ತುಂಬಿದರೆ ಕಾಳಿನ ಸತ್ತ್ವಕ್ಕೆ ಎಡೆಯೆಲ್ಲಿ?

ಆಗ ನನ್ನ ತಾಯಿಯವರು ಮಾಡುತ್ತಿದ್ದ ಸರಿಹಿಟ್ಟು ನೆನಪಾಯಿತು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯನ್ನು ಉಜ್ಜಿ ಕೇರಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಬೀಸಿಡುತ್ತಿದ್ದರು. ನೆನಪಿದ್ದಷ್ಟನ್ನು ಮಗಳಿಗೆ ಹೇಳಿದೆ. ಅವಳು ಶ್ರದ್ಧೆಯಿಂದ ಮಾಡಿದಳು. ಘಮ್ಮೆನ್ನುವವರೆಗೆ ಚೆನ್ನಾಗಿ ಹುರಿದಳು. ಕುದಿಯುವ ನೀರಿಗೆ ಹಾಕಿ ಕೆದಕಿದಳು. ಗಂಜಿ ಎಂದಿನಂತೆ ಅಂಟಂಟಾಗಿ ಗಟ್ಟಿಯಾಯಿತು. “ಅಜ್ಜಿಯ ಹಿಟ್ಟಿಗೂ ಅಂಗಡಿಯ ಹಿಟ್ಟಿಗೂ ಏನೂ ವ್ಯತ್ಯಾಸ ಕಾಣಲಿಲ್ಲವಲ್ಲ, ಅಪ್ಪಾ” ಎಂದಳು. ನನಗೆ ಪೆಚ್ಚಾಯಿತು.

ಸಂಜೆ ನನ್ನೊಡನೆ ತಿರುಗಾಡಲು ಬರುವ ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕರೊಬ್ಬರು ಈ ಕಥೆ ಕೇಳಿ ನಕ್ಕರು. “ಮೇಷ್ಟ್ರೆ, ಹಿಟ್ಟಿನಲ್ಲಿದ್ದ ಕಿಣ್ವವನ್ನು ನೀವು ಎರಡು ಸಲ ಕೊಂದಿದ್ದೀರಿ, ಒಮ್ಮೆ ಬಾಣಲೆಯಲ್ಲಿ, ಇನ್ನೊಮ್ಮೆ ಕುದಿನೀರಿನಲ್ಲಿ” ಎಂದರು.

ಕಿಣ್ವ ಎಂಬ ಪದ ನನಗೆ ಪರಿಚಿತವೇ. ಸುರೆಯನ್ನು ಹುಳಿಯೇರಿಸುವ ಹೆಪ್ಪಿಗೆ ಸಂಸ್ಕೃತದಲ್ಲಿ ಆ ಹೆಸರುಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣದಲ್ಲಿ ಅದು ಬರುತ್ತದೆ. ಜಡವಸ್ತುಗಳ ಕೂಟದಿಂದಲೇ ಚೈತನ್ಯ ಹುಟ್ಟುತ್ತದೆಂದ ಚಾರ್ವಾಕರು, ಕಿಣ್ವದಿಂದ ಮದಶಕ್ತಿ ಹುಟ್ಟುವುದನ್ನೇ ದೃಷ್ಟಾಂತವಾಗಿ ಕೊಟ್ಟರು. ಜರ್ಮನಿಯ ಕ್ಯೂನೆ ೧೮೭೭ರ ಸುಮಾರಿಗೆ ‘ಎಂಜೈಮ್’ ಎಂಬ ಹೆಸರನ್ನು ಕಟ್ಟಿದಾಗ ಅವನು ಆರಿಸಿಕೊಂಡ ಗ್ರೀಕ್ ಮಾತುಗಳ ಅರ್ಥವೂ ‘ಹೆಪ್ಪಿನೊಳಗಿರುವುದು’ ಎಂದೇ. ಪಾರಿಭಾಷಿಕ ಪದಗಳ ವಿಷಯದಲ್ಲಿ ನಾವು ಆಗಾಗ ಎಡವಿದ್ದೇವೆ. ಇಲ್ಲಿ ಮಾತ್ರ ಎಡವಲಿಲ್ಲ.

ಮೊಳೆಯುವ ಕಾಳಿನೊಳಗೆ ಎಳೆಯ ಸಸಿಗೆ ಉಣಿಸಬೇಕಾದ ಪಿಷ್ಟ ತುಂಬಿರುತ್ತದೆ. ಅದರ ಉದ್ದನೆಯ ಸರಪಳಿಗಳನ್ನು ಕತ್ತರಿಸಿ ಸಕ್ಕರೆಯಾಗಿಸುವ ಕಿಣ್ವವನ್ನು ಕಾಳು ಮೊಳಕೆಯೊಡೆಯುವಾಗ ತಾನೇ ತಯಾರಿಸಿಕೊಳ್ಳುತ್ತದೆ. ೧೮೩೩ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬ ಇಬ್ಬರು ಇದನ್ನು ಮೊಳೆತ ಬಾರ್ಲಿಯಿಂದ ಬೇರ್ಪಡಿಸಿ ‘ಡಯಾಸ್ಟೇಸ್’ ಎಂದು ಕರೆದರು. ಕುದಿಸಿದರೆ ಅದರ ಶಕ್ತಿ ಅಳಿಯುವುದೆಂದು ಆಗಲೇ ಗೊತ್ತಾಗಿತ್ತು. ಗಟ್ಟಿ ಗಂಜಿಯನ್ನು ಇದು ತೆಳ್ಳಗೆ ಮಾಡುವುದೂ ಹೀಗೆಯೇ: ಪಿಷ್ಟದ ಸರಪಳಿ ತುಂಡಾದರೆ ಅಂಟು ಕಳೆಯುತ್ತದೆ. ನೀರು ಬೆರೆಸಬೇಕಾಗಿಲ್ಲ, ರಾಗಿಯ ಸತ್ತ್ವ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಆದರೆ ಕಿಣ್ವ ಹದವರಿತು ದುಡಿಯುವ ಆಳು. ತಣ್ಣಗಿದ್ದರೆ ಸೋಮಾರಿ. ಬಿಸಿ ಏರಿದಂತೆ ಚುರುಕಾಗುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಕೆಲಸದ ವೇಗ ಸರಿಸುಮಾರು ಇಮ್ಮಡಿಯಾಗುವುದುಂಟು. ಮೊಳಕೆಕಾಳಿನ ಈ ಕಿಣ್ವಕ್ಕೆ ೫೦ರಿಂದ ೬೦ ಡಿಗ್ರಿಯ ಆಸುಪಾಸು ಬಲು ಹಿತ. ಅದನ್ನು ಮೀರಿ ಕುದಿಯತ್ತ ಸಾಗಿದರೆ ಕೆಲಸ ಕುಸಿಯುತ್ತದೆ. ಏಕೆಂದರೆ ಕಿಣ್ವವೆಂಬುದು ನೂರಾರು ಅಮೈನೊ ಆಮ್ಲಗಳನ್ನು ಸಾಲಾಗಿ ಪೋಣಿಸಿದ ಎಳೆ. ಆ ಎಳೆ ಒಂದು ನಿರ್ದಿಷ್ಟ ರೀತಿಯಲ್ಲಿ ಮಡಿಚಿಕೊಂಡಾಗ ಮಾತ್ರ ಪಿಷ್ಟವನ್ನು ಹಿಡಿಯುವ ಕುಳಿ ಮೂಡುತ್ತದೆ. ಅತಿ ಬಿಸಿಗೆ ಎಳೆ ಕಂಪಿಸಿ ಮಡಿಕೆಗಳು ಬಿಚ್ಚಿಹೋಗುತ್ತವೆ. ಎಳೆ ತುಂಡಾಗಿರುವುದಿಲ್ಲ, ಪದ್ಯದ ಅಕ್ಷರಗಳೆಲ್ಲ ಉಳಿದು ಛಂದಸ್ಸು ಮಾತ್ರ ಕೆಟ್ಟಂತೆ. ಬೆಂದ ಮೊಟ್ಟೆಯ ಬಿಳಿಭಾಗ ತಣಿದರೂ ಮತ್ತೆ ಹಸಿಯಾಗುವುದಿಲ್ಲವಷ್ಟೆ, ಇದೂ ಹಾಗೆಯೇ. ಒಣಗಿದ ಕಾಳಿನಲ್ಲಿ ಕಿಣ್ವ ಸ್ವಲ್ಪ ಹೆಚ್ಚು ಬಿಸಿಯನ್ನು ತಾಳಿಕೊಳ್ಳುತ್ತದೆ. ಘಮ್ಮೆನ್ನುವಂತೆ ಹುರಿದರೆ ಅದಕ್ಕೂ ಉಳಿಗಾಲವಿಲ್ಲ. ತಾಯಿಯವರು ಹುರಿಯುವಾಗ ಕಾಳನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದುದು, ಕೈ ತಾಳದಷ್ಟು ಕಾಯುವ ಮೊದಲೇ ಬಾಣಲೆ ಇಳಿಸುತ್ತಿದ್ದುದು ನನಗೆ ಆಗ ನೆನಪಾಯಿತು. ಮಗಳಿಗೆ ಹೇಳಲು ಮರೆತದ್ದು ಆ ಒಂದು ಮಾತನ್ನೇ.

ಬಿಸಿಯಂತೆಯೇ ಹುಳಿಯೂ ಮುಖ್ಯ. ಎಳೆಯ ಮೇಲೆ ಅಲ್ಲಲ್ಲಿ ವಿದ್ಯುದಂಶಗಳಿದ್ದು, ಅವುಗಳ ಪರಸ್ಪರ ಸೆಳೆತವೂ ಮಡಿಕೆಯನ್ನು ಹಿಡಿದಿಡುತ್ತದೆ. ಆಮ್ಲ ಹೆಚ್ಚಿದರೆ, ಕುಗ್ಗಿದರೆ ಆ ಅಂಶಗಳು ಬದಲಾಗಿ ಹಿಡಿತ ಸಡಿಲುತ್ತದೆ. ಹುಳಿಯನ್ನು ಅಳೆಯುವ ಪಿಎಚ್ ಮಾನ ಹುಟ್ಟಿದ್ದೇ ಕಿಣ್ವಗಳ ಅಧ್ಯಯನದ ನಡುವೆ. ೧೯೦೯ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಅದನ್ನು ರೂಪಿಸಿದ. ಬಿಯರ್ ಕಾರ್ಖಾನೆಯೊಂದು ಕಟ್ಟಿಸಿದ ಪ್ರಯೋಗಾಲಯ ಅದು. ಅವರ ಕಸುಬಿಗೂ ಮೊಳಕೆಕಾಳೇ ಬಂಡವಾಳ. ಆ ಮಾನದಲ್ಲಿ ೭ ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಂಕ ಒಂದೊಂದು ಇಳಿದಂತೆ ಹುಳಿ ಹತ್ತು ಮಡಿ ಏರುತ್ತದೆ. ಮೊಳಕೆಯ ಕಿಣ್ವ ೫ರ ಆಸುಪಾಸಿನ ಎಳೆಹುಳಿಯನ್ನು ಮೆಚ್ಚುತ್ತದೆ. ನಮ್ಮ ಜೊಲ್ಲಿನ ಕಿಣ್ವಕ್ಕೆ ೭ರ ಹತ್ತಿರವೇ ಆಗಬೇಕು. ಜಠರದ ಪೆಪ್ಸಿನ್ನಿಗೋ ೨ರಷ್ಟು ಕಟುಹುಳಿಯೇ ಹಿತ. ಆದುದರಿಂದ ಬಾಯಲ್ಲಿ ಪಿಷ್ಟವನ್ನು ಕತ್ತರಿಸತೊಡಗಿದ ಕಿಣ್ವ ಜಠರದ ಆಮ್ಲ ಬೆರೆತೊಡನೆ ಕೈಚೆಲ್ಲುತ್ತದೆ. ಅಲ್ಲಿ ಪೆಪ್ಸಿನ್ನಿನ ಸರದಿ. ಬಾಳೆಕಾಯಿಯನ್ನು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುವ ಗೃಹಿಣಿ ಮಾಡುವುದೂ ಇದನ್ನೇ: ಹೋಳನ್ನು ಕಪ್ಪಾಗಿಸುವ ಕಿಣ್ವವನ್ನು ಹುಳಿಯಿಂದ ಕಟ್ಟಿಹಾಕುತ್ತಾಳೆ.

ಮಾರನೆಯ ವಾರ ಹೊಸದಾಗಿ ಮೊಳಕೆ ಕಟ್ಟಿದೆವು. ಈ ಸಲ ಮಗಳು ಸಾದಾ ರಾಗಿಹಿಟ್ಟಿನ ಗಂಜಿಯನ್ನು ಗಟ್ಟಿಯಾಗಿಯೇ ಬೇಯಿಸಿ, ಒಲೆಯಿಂದ ಇಳಿಸಿ, ಹಬೆ ತಗ್ಗುವವರೆಗೆ ಕಾದಳು. ಆಮೇಲೆ ಮೊಳಕೆಯ ಹಿಟ್ಟನ್ನು ಒಂದೇ ಒಂದು ಸಣ್ಣ ಚಮಚ ಹಾಕಿ ಕೆದಕಿದಳು. ಸೌಟಿಗೆ ಅಂಟಿ ನಿಂತಿದ್ದ ಗಂಜಿ ಕೆಲವೇ ನಿಮಿಷಗಳಲ್ಲಿ ಸಡಿಲಿ, ಧಾರೆಯಾಗಿ ಇಳಿಯತೊಡಗಿತು. ಅವಳು ಸೌಟನ್ನು ಎತ್ತಿ ಎತ್ತಿ ಸುರಿದು ನೋಡಿದಳು.

ಅಲ್ಲಿಗೆ ಕೆಲಸ ಮುಗಿಯದು. ಹಸಿಹಿಟ್ಟಿನೊಡನೆ ರೋಗಾಣುಗಳೂ ಬಂದಿರಬಹುದಾದ್ದರಿಂದ ತೆಳ್ಳಗಾದ ಗಂಜಿಯನ್ನು ಮತ್ತೊಮ್ಮೆ ಚೆನ್ನಾಗಿ ಕುದಿಸಲೇಬೇಕು. ಆಗ ಕಿಣ್ವ ಸತ್ತರೆ ಸಾಯಲಿ; ಅದರ ಕೆಲಸ ಆಗಿಹೋಗಿರುತ್ತದೆ. ಮಗು ಉಂಡ ಚಮಚವನ್ನು ಪಾತ್ರೆಗೆ ಅದ್ದಬಾರದು. ಎಂಜಲು ತಾಗಿದ ಗಂಜಿ ನೀರೊಡೆಯುತ್ತದೆಂದು ತಾಯಿಯವರು ಗದರುತ್ತಿದ್ದರು. ಮಡಿವಂತಿಕೆಯೆಂದು ನಾನು ಆಗ ನಗುತ್ತಿದ್ದೆ. ಜೊಲ್ಲಿನ ಕಿಣ್ವ ಬಟ್ಟಲಿನಲ್ಲೂ ಪಿಷ್ಟವನ್ನು ಕತ್ತರಿಸುತ್ತಲೇ ಇರುತ್ತದೆ, ಜೊತೆಗೆ ಬಾಯಿಯ ಸೂಕ್ಷ್ಮಜೀವಿಗಳೂ ಸೇರುತ್ತವೆ ಎಂಬುದು ತಿಳಿದದ್ದು ಈಗ.

ಮೊಮ್ಮಗ ಅಂದು ಬಟ್ಟಲನ್ನು ಬರಿದು ಮಾಡಿದ. ಮುಂದಿನ ತಿಂಗಳು ತಕ್ಕಡಿಯ ಮುಳ್ಳು ಸ್ವಲ್ಪ ಮುಂದೆ ಸರಿದಿತ್ತು.