ಉಪ್ಪಾಗೆಯೂ ಹಸಿವೂ

ಘಟ್ಟದ ಕಾಡುಗಳಲ್ಲಿ ಬೆಳೆಯುವ ಉಪ್ಪಾಗೆಯ ಹುಳಿ ನಮಗೆ ಹೊಸದಲ್ಲ. ಕೊಡಗಿನವರು ಅದರ ರಸವನ್ನು ಕಪ್ಪಾಗುವವರೆಗೆ ಕಾಸಿ ಕಾಚಂಪುಳಿ ಮಾಡುತ್ತಾರೆ. ಕೇರಳದವರು ಒಣಸಿಪ್ಪೆಯನ್ನು ಮೀನಿನ ಸಾರಿಗೆ ಹಾಕುತ್ತಾರೆ. ಇದೇ ಸಿಪ್ಪೆಯ ಸತ್ತ್ವವು ಈಗ ಗುಳಿಗೆಯಾಗಿ, ಹಸಿವನ್ನಡಗಿಸಿ ಸ್ಥೂಲಕಾಯವನ್ನಿಳಿಸುವ ಮದ್ದೆಂದು ಮಾರಾಟವಾಗುತ್ತಿದೆ. ಈ ಮಾತಿನಲ್ಲಿ ಹುರುಳೆಷ್ಟೆಂಬುದನ್ನು ನೋಡೋಣ.

ಸಿಪ್ಪೆಯಲ್ಲಿರುವ ಮುಖ್ಯ ಆಮ್ಲಕ್ಕೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಹೆಸರು. ನಾವುಂಡ ಪಿಷ್ಟವು ಮೈಯಲ್ಲಿ ಕೊಬ್ಬಾಗಿ ಮಾರ್ಪಡುವುದಕ್ಕೆ ನೆರವಾಗುವ ಕಿಣ್ವವೊಂದನ್ನು ಅದು ತಡೆಯುತ್ತದೆ. ಅದನ್ನು ತಿಂದ ಇಲಿಗಳು ಆಹಾರವನ್ನು ಕಡಿಮೆಮಾಡಿದುದೂ ನಿಜವೇ. ಆದರೆ ಇಲಿಯ ಮಾತು ಇಲಿಗೆ. ಅಮೆರಿಕದಲ್ಲಿ 135 ಮಂದಿ ಸ್ಥೂಲಕಾಯರ ಮೇಲೆ 12 ವಾರ ನಡೆದ ಪರೀಕ್ಷೆಯೊಂದರ ಫಲ 1998ರಲ್ಲಿ ಪ್ರಕಟವಾಯಿತು. ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲವನ್ನೂ, ಉಳಿದವರಿಗೆ ಮದ್ದಿಲ್ಲದ ಹುಸಿ ಗುಳಿಗೆಯನ್ನೂ ಕೊಟ್ಟಿದ್ದರು. ಎಲ್ಲರಿಗೂ ನಾರು ಹೆಚ್ಚಾಗಿರುವ ಮಿತಾಹಾರದ ಪಥ್ಯ. ಮದ್ದು ನುಂಗಿದವರ ತೂಕ ಸರಾಸರಿ 3.2 ಕಿಲೋಗ್ರಾಂ ಇಳಿಯಿತು. ಹುಸಿ ಗುಳಿಗೆಯವರದು 4.1! ಈ ಅಂತರವನ್ನು ಆಕಸ್ಮಿಕವೆಂದೇ ಎಣಿಸಬೇಕು. ತೂಕವನ್ನಿಳಿಸಿದುದು ಪಥ್ಯವೆಂದು ಮಾತ್ರ ನಾವು ತಿಳಿಯಬಹುದು.

ಇಂಥ ಗುಳಿಗೆಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತು ಕೆಟ್ಟ ವರದಿಗಳೂ ಉಂಟು. ಸಾರಿಗೆ ಬೀಳುವ ಚೂರು ಹುಳಿಗೆ ಈ ಭಯವನ್ನು ಹಚ್ಚಬೇಕಾಗಿಲ್ಲ. ಗುಳಿಗೆಯನ್ನಾದರೋ, ಯಕೃತ್ತಿನ ರೋಗವುಳ್ಳವರೂ ಮಧುಮೇಹಕ್ಕೆ ಔಷಧ ಸೇವಿಸುವವರೂ ವೈದ್ಯರನ್ನು ಕೇಳದೆ ಮುಟ್ಟಬಾರದು.