ಕೀಮೋಗೆ ಮುಂಚೆ ಎರಡು ಮಾತು

ಕ್ಯಾನ್ಸರ್ ಅಂತ ರಿಪೋರ್ಟ್ ಬಂತಾ? ಕೀಮೋ ಶುರುವಾಗೋಕೆ ಮುಂಚೆ ಎರಡು ವಿಷಯ ನೆನಪಿಡಿ.

ಒಂದು, ಸೆಕೆಂಡ್ ಒಪಿನಿಯನ್. ಇನ್ನೊಬ್ಬ ಡಾಕ್ಟರನ್ನ ಕೇಳೋದು ಮೊದಲಿನವರಿಗೆ ಅವಮಾನ ಅಲ್ಲ, ನಿಮ್ಮ ಹಕ್ಕು. ಬರೀ ರಿಪೋರ್ಟ್ ಸಾಲದು. ಬಯಾಪ್ಸಿಯ ಸ್ಲೈಡು, ಬ್ಲಾಕು, ಸ್ಕ್ಯಾನ್ ಸಿಡಿ ಕೂಡ ತಗೊಂಡು ಹೋಗಿ.

ಎರಡು, ಮುಂದೆ ಮಕ್ಕಳು ಬೇಕು ಅಂತಿದ್ರೆ ಈಗಲೇ ಹೇಳಿ. ಸೈಕ್ಲೋಫಾಸ್ಫಮೈಡ್‌ನಂಥ ಔಷಧಿ, ಕಿಬ್ಬೊಟ್ಟೆಗೆ ಕೊಡೋ ರೇಡಿಯೇಷನ್, ಇವು ಅಂಡಾಶಯ, ವೃಷಣಕ್ಕೆ ಪೆಟ್ಟು ಕೊಡಬಹುದು. ಗಂಡಸರ ವೀರ್ಯ ಫ್ರೀಜ್ ಮಾಡಿಸೋದು ಒಂದೆರಡು ದಿನದ ಕೆಲಸ. ಹೆಂಗಸರ ಅಂಡಾಣು ತೆಗೆದಿಡೋಕೆ ಸುಮಾರು 2 ವಾರ ಬೇಕು. ಅದಕ್ಕೆ ಮುಂದಿನ ಮುಟ್ಟಿನವರೆಗೆ ಕಾಯಬೇಕಾಗಿಲ್ಲ.

ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ಅಷ್ಟು ಸಮಯ ಸಿಗದೇ ಇರಬಹುದು. ಅದಕ್ಕೇ ಮೊದಲ ಭೇಟಿಯಲ್ಲೇ ಕೇಳಿಬಿಡಿ: “ಡಾಕ್ಟ್ರೇ, ನನಗೆ ಎಷ್ಟು ದಿನ ಟೈಮ್ ಇದೆ?”