ಒಲೆ ಹತ್ತಿಸದ ಕಾಫಿ, ಬೇಕಾದಷ್ಟು ಹೊಗೆ

ಕೋಲ್ಡ್ ಬ್ರೂ ಎಂದರೆ ಫ್ರಿಜ್‌ನಲ್ಲಿಟ್ಟು ಆರಿಸಿದ ಕಾಫಿ ಎಂದುಕೊಂಡವರು ಇನ್ನೂ ಇದ್ದಾರೆ. ಅಲ್ಲ. ಬಿಸಿನೀರಿನಲ್ಲಿ ಇಳಿಸಿ ಐಸ್ ಹಾಕಿದರೆ ಅದು ಐಸ್ಡ್ ಕಾಫಿ. ಕೋಲ್ಡ್ ಬ್ರೂಗೆ ಒಲೆಯ ಸಹವಾಸವೇ ಇಲ್ಲ. ದಪ್ಪಗೆ ಬೀಸಿದ ಪುಡಿಯನ್ನು ತಣ್ಣೀರಿನಲ್ಲಿ ಹನ್ನೆರಡೋ ಹದಿನಾರೋ ಗಂಟೆ ನೆನೆಹಾಕಿ ಸೋಸಿದರೆ ಆಯಿತು. ಬಿಸಿನೀರು ನಿಮಿಷಗಳಲ್ಲಿ ಮುಗಿಸುವ ಕೆಲಸವನ್ನು ತಣ್ಣೀರು ರಾತ್ರಿಯಿಡೀ ಕೂತು ಮಾಡುತ್ತದೆ, ಅದನ್ನೂ ಪೂರ್ತಿ ಮಾಡುವುದಿಲ್ಲ. ಇದರ ಸುತ್ತ ಹಬ್ಬಿದ ಮಾತುಗಳನ್ನು ಅಳೆಯುವಾಗ ಈ ಅರೆಕೆಲಸ ನೆನಪಿರಲಿ.

ಮೊದಲು ಹುಟ್ಟಿನ ಕಥೆ. ಹದಿನೇಳನೇ ಶತಮಾನದ ಡಚ್ ನಾವಿಕರು ಹಡಗಿನಲ್ಲಿ ಬೆಂಕಿ ಹಚ್ಚಲು ಹೆದರಿ ತಣ್ಣೀರಿನಲ್ಲೇ ಕಾಫಿ ಇಳಿಸುತ್ತಿದ್ದರಂತೆ, ಜಪಾನೀಯರಿಗೂ ಅದನ್ನು ಕಲಿಸಿದರಂತೆ. ಕೇಳಲು ಸೊಗಸು. ನಾಗಸಾಕಿಯ ದೇಜಿಮಾ ದ್ವೀಪದಲ್ಲಿ ಡಚ್ಚರು ವ್ಯಾಪಾರ ನಡೆಸಿದ್ದು ನಿಜ, ಜಪಾನಿಗೆ ಕಾಫಿಯ ರುಚಿ ತೋರಿಸಿದ್ದೂ ನಿಜ. ತಣ್ಣೀರಿನ ಭಾಗಕ್ಕೆ ಮಾತ್ರ ಕಥೆ ಹೇಳುವವರು ಆ ಕಾಲದ ಕಾಗದ ಒಂದನ್ನೂ ಮುಂದಿಡುವುದಿಲ್ಲ. ಹನಿಹನಿಯಾಗಿ ಕಾಫಿ ಇಳಿಸುವ, ಕ್ಯೋಟೋ ಹೆಸರಿನಲ್ಲಿ ಪ್ರಸಿದ್ಧವಾದ ಆ ಎತ್ತರದ ಗಾಜಿನ ಗೋಪುರಗಳೂ ಇಪ್ಪತ್ತನೇ ಶತಮಾನದವು.

ಇದೆಲ್ಲ ಸ್ಟಾರ್‌ಬಕ್ಸ್‌ನ ಹುನ್ನಾರ ಎನ್ನುವುದು ಇದರ ತದ್ವಿರುದ್ಧ ನಂಬಿಕೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಟಾಡ್ ಸಿಂಪ್ಸನ್ ಎಂಬ ಕೆಮಿಕಲ್ ಎಂಜಿನಿಯರಿಂಗ್ ಪದವೀಧರ 1964ರಲ್ಲೇ ‘ಟಾಡಿ’ ಎಂಬ ಕೋಲ್ಡ್ ಬ್ರೂ ಸಾಧನ ತಂದಿದ್ದ. ಸ್ಟಾರ್‌ಬಕ್ಸ್ ಅಲ್ಲಿನ ತನ್ನ ಅಂಗಡಿಗಳಿಗೆ ಇದನ್ನು ತಂದದ್ದು 2015ರಲ್ಲಿ. ಜನಪ್ರಿಯತೆಗೆ ರುಚಿಯೊಂದೇ ಕಾರಣವೆಂದು ನನಗನ್ನಿಸುವುದಿಲ್ಲ. ರಾತ್ರಿ ಬಕೆಟ್‌ಗಟ್ಟಲೆ ನೆನೆಹಾಕಿದರೆ ಬೆಳಿಗ್ಗೆ ನಲ್ಲಿ ತಿರುಗಿಸಿ ಲೋಟ ತುಂಬಿಸಬಹುದು. ಅಂಗಡಿಯವನಿಗೆ ಇದಕ್ಕಿಂತ ಸಲೀಸು ಇನ್ನೇನು ಬೇಕು!

‘ಇದರಲ್ಲಿ ಆಸಿಡ್ ಇಲ್ಲ, ಹೊಟ್ಟೆಗೆ ಒಳ್ಳೆಯದು’ ಎಂಬುದು ಜಾಹೀರಾತಿನ ಮಾತು. ಫಿಲಡೆಲ್ಫಿಯಾದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದ ನೈನಿ ರಾವ್ ಮತ್ತು ಮೇಗನ್ ಫುಲ್ಲರ್ 2018ರಲ್ಲಿ ಬಿಸಿ, ತಣ್ಣನೆ ಎರಡೂ ಬಗೆಯ ಕಾಫಿಯನ್ನು ಅಳೆದರು. ಪಿಎಚ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, 4.85ರಿಂದ 5.13ರ ಒಳಗೆ. ಬಿಸಿ ಕಾಫಿಯಲ್ಲಿ ಒಟ್ಟು ಆಮ್ಲಗಳ ಪ್ರಮಾಣ ಹೆಚ್ಚಿತ್ತು, ನಿಜ. ಆದರೆ ಆಂಟಿಆಕ್ಸಿಡೆಂಟ್ ಗುಣವೂ ಅದರಲ್ಲೇ ಹೆಚ್ಚಿತ್ತು. ಕೋಲ್ಡ್ ಬ್ರೂ ನಾಲಿಗೆಗೆ ಮೃದು ಎನಿಸುವುದು ಸುಳ್ಳಲ್ಲ. ತಣ್ಣೀರು ಪುಡಿಯಲ್ಲೇ ಬಿಟ್ಟುಬಂದದ್ದರ ಫಲ ಅದು. ಹೊಟ್ಟೆಗೆ ಔಷಧಿ ಎನ್ನಲು ಇಷ್ಟು ಸಾಲದು.

ಹೆಚ್ಚು ಹೊತ್ತು ನೆನೆದರೆ ಕೆಫೀನ್ ಏರುತ್ತಲೇ ಹೋಗುತ್ತದೆ ಎಂಬುದೂ ತಪ್ಪು. ಇದೇ ಇಬ್ಬರ 2017ರ ಪ್ರಯೋಗದಲ್ಲಿ ಸುಮಾರು 400 ನಿಮಿಷಕ್ಕೆ, ಅಂದರೆ ಏಳು ಗಂಟೆಯೊಳಗೆ, ಏರಿಕೆ ನಿಂತಿತು. ಹಾಗಾದರೆ ಕಿಕ್ ಎಲ್ಲಿಂದ? ಸುರಿದ ಪುಡಿಯಿಂದ. ಒಂದು ಲೀಟರಿಗೆ 100 ಗ್ರಾಮೋ ಅದಕ್ಕೂ ಹೆಚ್ಚೋ ಹಾಕಿದರೆ ಸಿಗುವುದು ನಮ್ಮ ಡಿಕಾಕ್ಷನ್ನಿನಂಥ ಗಟ್ಟಿ ರಸ. ನೀರೋ ಹಾಲೋ ಬೆರೆಸದೆ ಲೋಟಗಟ್ಟಲೆ ಕುಡಿದರೆ ನಿದ್ದೆ ಹಾರದೆ ಇರುತ್ತದೆಯೇ? ಬೆರೆಸಿ ಕೊಡುವ ಅಂಗಡಿಯ ಲೆಕ್ಕವೇ ಬೇರೆ. ಸ್ಟಾರ್‌ಬಕ್ಸ್‌ನ 473 ಮಿಲಿಯ ಲೋಟದಲ್ಲಿ ಕೋಲ್ಡ್ ಬ್ರೂನ ಕೆಫೀನ್ ಸುಮಾರು 200 ಮಿಲಿಗ್ರಾಂ. ಅದೇ ಅಳತೆಯ ಬಿಸಿ ಬ್ಲ್ಯಾಕ್ ಕಾಫಿಯಲ್ಲಿ 300ರ ಮೇಲೆ.

ಮನೆಯ ಫಿಲ್ಟರ್ ಪುಡಿಯಲ್ಲೇ ಮಾಡಬಹುದಲ್ಲ ಎನ್ನುವವರಿಗೆ ಚಿಕೋರಿ ಅಡ್ಡಿಯಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಕೋಲ್ಡ್ ಬ್ರೂಗೆ ಚಿಕೋರಿ ಬೆರೆಸುವ ರೂಢಿಯೇ ಇದೆ. ಅಡ್ಡಿ ನುಣುಪು. ಪುಡಿ ಉಪ್ಪಿಟ್ಟಿನ ರವೆಯಷ್ಟು ತರಿಯಾಗಿರಬೇಕು, ಇಲ್ಲದಿದ್ದರೆ ಬಟ್ಟೆ ಕಟ್ಟಿಕೊಂಡು ರಸ ಇಳಿಯುವುದೇ ಇಲ್ಲ. ನೀರು ಸುರಿದೊಡನೆ ಪುಡಿ ತೇಲಿ ಮೇಲೆ ಹೆಪ್ಪುಗಟ್ಟುತ್ತದೆ. ಚಮಚದಿಂದ ಅದನ್ನು ಒಡೆದು ಅಡಿಯವರೆಗೂ ತೊಯ್ಯಿಸಿ. ಸೋಸುವಾಗ ಬಟ್ಟೆ ಹಿಂಡಬೇಡಿ, ಗಸಿಯೆಲ್ಲ ಇಳಿದು ಕಹಿಯಾಗುತ್ತದೆ.

ಕಾಫಿ ತಾನೆ, ಹೊರಗಿಟ್ಟರೂ ಕೆಡುವುದಿಲ್ಲ ಎಂಬ ಮಾತನ್ನಂತೂ ನಂಬಲೇಬೇಡಿ. ಕುದಿಸದ್ದರಿಂದ ಸೂಕ್ಷ್ಮಜೀವಿಗಳು ಸಾಯುವುದಿಲ್ಲ. ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾವನ್ನು ತಡೆಯಲು ಪಿಎಚ್ 4.6 ಅಥವಾ ಅದಕ್ಕಿಂತ ಕೆಳಗಿರಬೇಕು. ಕಾಫಿಯ ಹುಳಿ ಅಷ್ಟಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ವಿಷ ಉಂಟಾಗಬಹುದೆಂಬ ಭಯಕ್ಕೆ ಅಮೆರಿಕದ ಡೆತ್ ವಿಶ್ ಕಂಪನಿ 2017ರಲ್ಲಿ ತನ್ನ ನೈಟ್ರೋ ಕೋಲ್ಡ್ ಬ್ರೂ ಡಬ್ಬಿಗಳನ್ನು ವಾಪಸು ಕರೆಸಿಕೊಂಡಿತು. ಮನೆಯಲ್ಲಿ ಮಾಡಿದ್ದನ್ನು ಸೋಸಿದೊಡನೆ ಫ್ರಿಜ್‌ಗೆ ಸೇರಿಸಿ. ಹಾಲು ಬೆರೆಸಿದ್ದರೆ ಅಂದೇ ಮುಗಿಸಿ.